ಮರಣದ ಲೆಕ್ಕ, ಆಯುಸ್ಸಿನ ಅಳತೆ

ನಮ್ಮ ಧರ್ಮಕೇಂದ್ರಗಳ ಕಚೇರಿಯ ಕಪಾಟಿನಲ್ಲಿ ದಪ್ಪ ರಟ್ಟಿನ ಕೆಲವು ಹಳೆಯ ಪುಸ್ತಕಗಳಿರುತ್ತವೆ. ಒಂದು ಜ್ಞಾನಸ್ನಾನದ್ದು, ಇನ್ನೊಂದು ವಿವಾಹದ್ದು, ಮತ್ತೊಂದು ಮರಣದ್ದು. ಮೊದಲೆರಡನ್ನು ಕೇಳಿಕೊಂಡು ಜನರು ಆಗಾಗ ಬರುತ್ತಾರೆ. ಮಗುವನ್ನು ಶಾಲೆಗೆ ಸೇರಿಸಲು, ಮದುವೆಯನ್ನು ನಿಶ್ಚಯಿಸಲು ಅವುಗಳಿಂದ ಪ್ರಮಾಣಪತ್ರ ಬೇಕಾಗುತ್ತದೆ. ಮೂರನೆಯದನ್ನು ತೆರೆದು ನೋಡುವವರು ವಿರಳ. ಆದರೆ ಒಂದು ಮಹಾಮಾರಿಯು ಜನಸಮುದಾಯಕ್ಕೆ ಎಷ್ಟು ಹಾನಿ ಮಾಡಿತೆಂಬುದನ್ನು ಅಳೆಯುವ ವಿದ್ಯೆಯು ಹುಟ್ಟಿದ್ದು ಇಂತಹ ಮರಣದ ಪುಸ್ತಕಗಳ ನಡುವೆಯೇ ಎಂಬುದು ಅನೇಕರಿಗೆ ತಿಳಿಯದು.

ಮೇಲ್ನೋಟಕ್ಕೆ ಇದರಲ್ಲಿ ವಿದ್ಯೆಯೇನಿದೆ ಎಂದು ತೋರಬಹುದು. ಸತ್ತವರನ್ನು ಎಣಿಸಿದರಾಯಿತು, ಲೆಕ್ಕ ಸಿಕ್ಕಿತು! ಆದರೆ ಯಾರು ಎಣಿಸಬೇಕು? ಸಾವಿನ ಕಾರಣವನ್ನು ಯಾರು ಹೇಳಬೇಕು? ಎಣಿಸುವವನೇ ಕಾಯಿಲೆ ಬಿದ್ದರೆ? ದಾಖಲೆಗೆ ಬಾರದೆ ಹೋದವರ ಗತಿಯೇನು? ಈ ಪ್ರಶ್ನೆಗಳ ಇತಿಹಾಸವನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪುಸ್ತಕಗಳ ಆರಂಭ

1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿಯೊಂದು ಧರ್ಮಕೇಂದ್ರದ ಗುರುವೂ ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆಯನ್ನು ಇಡಬೇಕೆಂದು ವಿಧಿಸಿತು. 1614ರಲ್ಲಿ ಜಗದ್ಗುರು ಐದನೇ ಪೌಲರ ಕಾಲದಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವು ಮರಣದ ಪುಸ್ತಕವನ್ನೂ ಇದಕ್ಕೆ ಸೇರಿಸಿತು. ರೋಮಿನಿಂದ ಬೇರೆಯಾಗಿದ್ದ ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ, ಅಂದರೆ 1538ರಲ್ಲಿ, ಜ್ಞಾನಸ್ನಾನ, ವಿವಾಹ ಹಾಗೂ ಸಮಾಧಿ ಕ್ರಿಯೆಗಳನ್ನು ಪ್ರತಿ ಧರ್ಮಕೇಂದ್ರದಲ್ಲಿಯೂ ಬರೆದಿಡಬೇಕೆಂಬ ಆಜ್ಞೆ ಹೊರಟಿತ್ತು. ಈ ಆಜ್ಞೆಗಳನ್ನು ಹೊರಡಿಸಿದವರ ಮನಸ್ಸಿನಲ್ಲಿ ಅಂಕಿಅಂಶದ ಶಾಸ್ತ್ರವಿರಲಿಲ್ಲ. ಪ್ರತಿಯೊಬ್ಬನ ಹೆಸರೂ ಒಂದೆಡೆ ಬರೆದಿರಬೇಕು ಎಂಬುದಷ್ಟೇ ಅವರ ಆಶಯವಾಗಿತ್ತು. ಆದರೆ ಹೆಸರುಗಳು ಸಾಲುಸಾಲಾಗಿ ಸೇರಿದಾಗ ಅವುಗಳಿಂದ ಇನ್ನೊಂದು ಬಗೆಯ ತಿಳಿವಳಿಕೆಯು ಹೊರಟಿತು.

ಲಂಡನ್ ನಗರದಲ್ಲಿ ಧರ್ಮಕೇಂದ್ರಗಳ ಗುಮಾಸ್ತರು ವಾರವಾರವೂ ಸತ್ತವರ ಸಂಖ್ಯೆಯನ್ನು ಕಳುಹಿಸಿಕೊಡುತ್ತಿದ್ದರು. ಅವುಗಳನ್ನು ಒಟ್ಟುಗೂಡಿಸಿ ಮರಣಪಟ್ಟಿಯನ್ನು ಅಚ್ಚುಹಾಕಿ ಮಾರಲಾಗುತ್ತಿತ್ತು. ಸಾವಿನ ಕಾರಣವನ್ನು ನಿರ್ಧರಿಸುವ ಕೆಲಸ ವೈದ್ಯರದ್ದಾಗಿರಲಿಲ್ಲ. ಇದಕ್ಕೆಂದೇ ನೇಮಕಗೊಂಡಿದ್ದ ಬಡ ಮುದುಕಿಯರು ಸಾವಿನ ಮನೆಗೆ ಹೋಗಿ, ಹೆಣವನ್ನು ನೋಡಿ, ಮನೆಯವರನ್ನು ವಿಚಾರಿಸಿ ಹೇಳಿದ್ದೇ ಕಾರಣ. ಪ್ಲೇಗು ಎಂದು ಹೇಳಿದರೆ ಆ ಮನೆಯ ಬಾಗಿಲಿಗೆ ಬೀಗ ಬೀಳುತ್ತಿತ್ತು. ಬದುಕಿರುವವರೂ ಒಳಗೇ ಉಳಿಯಬೇಕಾಗಿತ್ತು. ಆದ್ದರಿಂದ ಮನೆಯವರು ಪ್ಲೇಗನ್ನು ಮುಚ್ಚಿಟ್ಟು ಬೇರೆ ಯಾವುದಾದರೂ ಹೆಸರು ಬರೆಸಲು ಹಾತೊರೆಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

1662ರಲ್ಲಿ ಜಾನ್ ಗ್ರಾಂಟ್ ಎಂಬ ಲಂಡನ್ನಿನ ಜವಳಿ ಸಾಮಾನಿನ ವ್ಯಾಪಾರಿ ಈ ಪಟ್ಟಿಗಳನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಮುಂದೆ ತನ್ನ ಜೀವನದ ಕೊನೆಯ ವರ್ಷಗಳಲ್ಲಿ ಅವನು ಕಥೋಲಿಕನಾದನು. ಅವನು 1625ರ ಪ್ಲೇಗಿನ ವರ್ಷದ ಅಂಕಿಗಳನ್ನು ಪರಿಶೀಲಿಸಿದಾಗ ಒಂದು ವಿಚಿತ್ರವನ್ನು ಕಂಡನು. ಪ್ಲೇಗಿನಿಂದ ಸತ್ತವರು ಸುಮಾರು 35 ಸಾವಿರ ಎಂದು ಪಟ್ಟಿ ಹೇಳುತ್ತಿತ್ತು. ಅದೇ ವರ್ಷ ಬೇರೆ ಕಾರಣಗಳಿಂದ ಸತ್ತವರು ಸುಮಾರು 18 ಸಾವಿರವಿದ್ದರು. ಆದರೆ ಹಿಂದಿನ ಮತ್ತು ಮುಂದಿನ ಸಾಧಾರಣ ವರ್ಷಗಳಲ್ಲಿ ಬೇರೆ ಕಾಯಿಲೆಗಳಿಂದ ಸಾಯುತ್ತಿದ್ದವರು ಏಳೆಂಟು ಸಾವಿರ ಮಾತ್ರ. ಪ್ಲೇಗು ಬಂದ ವರ್ಷವೇ ಉಳಿದ ಕಾಯಿಲೆಗಳೂ ಏಕೆ ಎರಡು ಪಟ್ಟಿಗಿಂತ ಹೆಚ್ಚಾಗಬೇಕು? ಈ ಹೆಚ್ಚುವರಿ ಹತ್ತು ಹನ್ನೊಂದು ಸಾವಿರ ಜನರೂ ವಾಸ್ತವವಾಗಿ ಪ್ಲೇಗಿನಿಂದಲೇ ಸತ್ತವರು, ಕಾರಣವನ್ನು ಮಾತ್ರ ಬೇರೆಯಾಗಿ ಬರೆಸಲಾಗಿದೆ ಎಂದು ಅವನು ತೀರ್ಮಾನಿಸಿದನು.

ಇಂದು ವಿದ್ವಾಂಸರು 'ಹೆಚ್ಚುವರಿ ಮರಣ' ಎಂದು ಕರೆಯುವ ವಿಧಾನದ ತಿರುಳು ಇದೇ. ಸಂಜೆ ಕುರಿಗಳನ್ನು ಹಟ್ಟಿಗೆ ಹೊಡೆಯುವ ಕುರುಬನನ್ನು ನೆನೆಯಿರಿ. ಬೆಳಿಗ್ಗೆ ಎಷ್ಟು ಹೊರಟವು ಎಂದು ಅವನಿಗೆ ಗೊತ್ತಿರುವುದರಿಂದಲೇ ಎಷ್ಟು ಕಾಣೆಯಾದವು ಎಂಬುದೂ ಗೊತ್ತಾಗುತ್ತದೆ. ತೋಳ ಒಯ್ದಿತೋ ಹಳ್ಳಕ್ಕೆ ಬಿದ್ದಿತೋ ಎಂಬುದು ಆಮೇಲಿನ ವಿಚಾರ. ಒಂದು ಸಾವಿರ ಜನರಿರುವ ಊರಿನಲ್ಲಿ ಸಾಧಾರಣ ವರ್ಷದಲ್ಲಿ 30 ಮಂದಿ ಸಾಯುತ್ತಾರೆ ಎಂದಿಟ್ಟುಕೊಳ್ಳೋಣ. ಮಾರಿ ಬಂದ ವರ್ಷ 75 ಮಂದಿ ಸತ್ತರು. ಆದರೆ ದಾಖಲೆಯಲ್ಲಿ ಮಾರಿಯಿಂದ ಸತ್ತವರು 20 ಎಂದಿದೆ. ಆಗ ನಾವು ನಂಬಬೇಕಾದದ್ದು 20ನ್ನಲ್ಲ, 75ರಲ್ಲಿ 30ನ್ನು ಕಳೆದು ಉಳಿಯುವ 45ನ್ನು.

1918ರ ಭಾರತ

ಈ ಅಳತೆಗೋಲನ್ನು ಹಿಡಿದು ನಮ್ಮ ದೇಶದ ಅತಿ ದೊಡ್ಡ ಮರಣಕಾಂಡದತ್ತ ನೋಡೋಣ. 1918ರ ಜೂನ್ ತಿಂಗಳಿನಲ್ಲಿ, ಮೊದಲ ಮಹಾಯುದ್ಧವು ಇನ್ನೂ ನಡೆಯುತ್ತಿದ್ದಾಗ, ಮುಂಬಯಿಯ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲೊಬ್ಬನು ಬಂದರಿನಲ್ಲಿ ಕಾವಲಿದ್ದವನು. ಇನ್‌ಫ್ಲುಯೆಂಜಾ ಭಾರತವನ್ನು ಪ್ರವೇಶಿಸಿತ್ತು. ಮೊದಲ ಅಲೆ ಅಷ್ಟು ಮಾರಕವಾಗಿರಲಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆಯು ರೈಲುಮಾರ್ಗಗಳನ್ನು ಹಿಡಿದು ದೇಶದ ಒಳನಾಡನ್ನೆಲ್ಲಾ ಹೊಕ್ಕಿತು. ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲಿಯೇ 768 ಮಂದಿ ಸತ್ತರು. ಆ ವರ್ಷ ಮುಂಗಾರು ಮಳೆಯೂ ಕೈಕೊಟ್ಟಿತ್ತು. ಧಾನ್ಯದ ಬೆಲೆ ಏರಿತ್ತು. ಹಸಿದ ದೇಹಗಳ ಮೇಲೆ ರೋಗವು ಎರಗಿತು. ಹಿಂದಿ ಕವಿ ಸೂರ್ಯಕಾಂತ ತ್ರಿಪಾಠಿ ನಿರಾಲಾ ಅವರು ತಮ್ಮ ಪತ್ನಿಯನ್ನೂ ಕುಟುಂಬದ ಹಲವರನ್ನೂ ಈ ಮಾರಿಯಲ್ಲಿ ಕಳೆದುಕೊಂಡರು.

ಆಗ ಎಣಿಸುತ್ತಿದ್ದವರು ಯಾರು? ಹಳ್ಳಿಗಳಲ್ಲಿ ಜನನ ಮರಣಗಳ ವರದಿಯನ್ನು ಕೊಡುತ್ತಿದ್ದವರು ಚೌಕಿದಾರರು, ಪಟೇಲರು ಮೊದಲಾದ ಗ್ರಾಮಾಧಿಕಾರಿಗಳು. ಅವರ ಬಳಿಯಿದ್ದ ನಮೂನೆಗಳಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ ಎಂಬಂತಹ ಕೆಲವೇ ವಿಭಾಗಗಳಿದ್ದವು. ಇನ್‌ಫ್ಲುಯೆಂಜಾ ಎಂಬ ಹೆಸರನ್ನು ಅವರು ಕೇಳಿರಲೂ ಇಲ್ಲ. ಆದ್ದರಿಂದ ಬಹುಪಾಲು ಸಾವುಗಳು 'ಜ್ವರ' ಎಂಬ ಒಂದೇ ಮಾತಿನೊಳಗೆ ಅಡಗಿಹೋದವು. ರೋಗವು ಉಲ್ಬಣಿಸಿದ ವಾರಗಳಲ್ಲಿ ವರದಿ ಮಾಡಬೇಕಾದವರೇ ಹಾಸಿಗೆ ಹಿಡಿದರು, ಕೆಲವರು ಸತ್ತೂ ಹೋದರು. ಹೀಗೆ ಸಾವು ಹೆಚ್ಚಾದಷ್ಟೂ ಲೆಕ್ಕವು ಹದಗೆಟ್ಟಿತು. ಮಹಾಮಾರಿಯ ಲೆಕ್ಕದಲ್ಲಿ ಈ ವಿಪರ್ಯಾಸವು ಮತ್ತೆ ಮತ್ತೆ ಕಾಣಸಿಗುತ್ತದೆ.

ಆದ್ದರಿಂದಲೇ ಕಾಲ ಕಳೆದಂತೆ ಸಂಖ್ಯೆಯು ಬದಲಾಗುತ್ತಾ ಹೋಯಿತು. ಮಾರಿಯ ಬೆನ್ನಲ್ಲೇ ಬಂದ ಸರಕಾರಿ ಆರೋಗ್ಯ ವರದಿಗಳು ಸತ್ತವರನ್ನು ಸುಮಾರು 60-70 ಲಕ್ಷ ಎಂದು ಅಂದಾಜಿಸಿದವು. 1921ರ ಜನಗಣತಿಯ ವರದಿಯು ಈ ಸಂಖ್ಯೆಯನ್ನು 1 ಕೋಟಿ 20 ಲಕ್ಷ ಅಥವಾ 1 ಕೋಟಿ 30 ಲಕ್ಷಕ್ಕೆ ಏರಿಸಿತು. 1951ರಲ್ಲಿ ಅಮೆರಿಕದ ಜನಸಂಖ್ಯಾ ತಜ್ಞ ಕಿಂಗ್ಸ್‌ಲೀ ಡೇವಿಸ್ ಅದು 1 ಕೋಟಿ 85 ಲಕ್ಷದಿಂದ 2 ಕೋಟಿಯವರೆಗೆ ಇರಬಹುದೆಂದರು. 1986ರಲ್ಲಿ ಇತಿಹಾಸಕಾರ ಮಿಲ್ಸ್ ಅದನ್ನು 1 ಕೋಟಿ 70-80 ಲಕ್ಷಕ್ಕೆ ಇಳಿಸಿದರು. 2012ರ ಒಂದು ಅಧ್ಯಯನವು ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಿಗೆ 1 ಕೋಟಿ 39 ಲಕ್ಷ ಎಂಬ ಉತ್ತರವನ್ನು ಕೊಟ್ಟಿತು. ಕಡಿಮೆಯ ಅಂದಾಜನ್ನೇ ಹಿಡಿದರೂ ಇದು ಆ ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರ ಸಂಖ್ಯೆಯ ಎಂಬತ್ತು ಪಟ್ಟಿಗೂ ಹೆಚ್ಚು. ಆ ಸೈನಿಕರು ಸುಮಾರು 74 ಸಾವಿರ. ಅವರ ನೆನಪಿಗಾಗಿ ದೆಹಲಿಯಲ್ಲಿ ಇಂಡಿಯಾ ಗೇಟ್ ನಿಂತಿದೆ, ಅದರ ಕಲ್ಲಿನ ಮೇಲೆ ಸಾವಿರಾರು ಹೆಸರುಗಳಿವೆ. ಇನ್‌ಫ್ಲುಯೆಂಜಾದಲ್ಲಿ ಸತ್ತವರಿಗೆ ಅಂತಹ ರಾಷ್ಟ್ರೀಯ ಸ್ಮಾರಕವಿಲ್ಲ.

ಜನಗಣತಿ ಹೇಳಿದ ಕಥೆ

ದಾಖಲೆಗಳು ಕೈಕೊಟ್ಟಾಗ ವಿದ್ವಾಂಸರು ಆಶ್ರಯಿಸಿದ್ದು ಜನಗಣತಿಯನ್ನು. ಇಂದಿನ ಭಾರತದ ಗಡಿಯೊಳಗಿನ ಪ್ರದೇಶದಲ್ಲಿ 1911ರಲ್ಲಿ 25 ಕೋಟಿ 21 ಲಕ್ಷ ಜನರಿದ್ದರು. 1921ರಲ್ಲಿ 25 ಕೋಟಿ 13 ಲಕ್ಷ. ನಮ್ಮ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆಯು ಇಳಿದ ಏಕೈಕ ದಶಕವಿದು. ಇಂದಿನ ಕರ್ನಾಟಕದ ಪ್ರದೇಶದಲ್ಲಿಯೂ ಜನಸಂಖ್ಯೆಯು 1 ಕೋಟಿ 35 ಲಕ್ಷ 25 ಸಾವಿರದಿಂದ 1 ಕೋಟಿ 33 ಲಕ್ಷ 78 ಸಾವಿರಕ್ಕೆ ಇಳಿಯಿತು.

ಇಳಿದದ್ದು ಎಂಟು ಲಕ್ಷದಷ್ಟಾದರೆ ಸತ್ತವರು ಕೋಟಿಗೂ ಮೀರಿದ್ದು ಹೇಗೆ ಎಂದು ನೀವು ಕೇಳಬಹುದು. ಇಲ್ಲಿಯೂ ಕುರುಬನ ಲೆಕ್ಕವೇ. ಅದಕ್ಕೆ ಹಿಂದಿನ ದಶಕದಲ್ಲಿ ಇದೇ ಪ್ರದೇಶದ ಜನಸಂಖ್ಯೆಯು ನೂರಕ್ಕೆ 5.75ರಂತೆ ಬೆಳೆದಿತ್ತು. ಹಾಗೆಯೇ ಬೆಳೆದಿದ್ದರೆ 1921ರಲ್ಲಿ 26 ಕೋಟಿ 66 ಲಕ್ಷ ಜನರು ಇರಬೇಕಾಗಿತ್ತು. ಇರಬೇಕಾದವರಿಂದ ಇದ್ದವರನ್ನು ಕಳೆದರೆ ಉಳಿಯುವುದು ಸುಮಾರು ಒಂದೂವರೆ ಕೋಟಿ.

ಆದರೆ ಈ ಒಂದೂವರೆ ಕೋಟಿಯನ್ನೂ ಹಾಗೆಯೇ ಒಪ್ಪಿಕೊಳ್ಳಲಾಗದು. ಅದರಲ್ಲಿ ಆ ದಶಕದ ಪ್ಲೇಗು ಮತ್ತು ಕ್ಷಾಮದ ಸಾವುಗಳೂ ಸೇರಿವೆ. ಹುಟ್ಟಬೇಕಾಗಿದ್ದು ಹುಟ್ಟದೇ ಹೋದ ಮಕ್ಕಳೂ ಅದರಲ್ಲಿದ್ದಾರೆ. ಏಕೆಂದರೆ ತಾಯ್ತಂದೆಯರಾಗುವ ವಯಸ್ಸಿನವರೇ ಹೆಚ್ಚಾಗಿ ಸತ್ತಿದ್ದರಿಂದ 1919ರಲ್ಲಿ ಜನನಗಳು ತೀವ್ರವಾಗಿ ಕುಸಿದವು. ಇವೆಲ್ಲವನ್ನೂ ಬೇರ್ಪಡಿಸುವಾಗ ಒಬ್ಬೊಬ್ಬ ವಿದ್ವಾಂಸರೂ ಒಂದೊಂದು ರೀತಿಯ ಊಹೆಯನ್ನು ಮಾಡಬೇಕಾಗುತ್ತದೆ. ಅಂದಾಜುಗಳು ಭಿನ್ನವಾಗಿರುವುದಕ್ಕೆ ಕಾರಣ ಇದು. ಭಿನ್ನತೆಯನ್ನು ಕಂಡು 'ಎಲ್ಲವೂ ಸುಳ್ಳು' ಎಂದುಬಿಡುವುದು ಸರಿಯಲ್ಲ. ಎಲ್ಲಾ ಅಂದಾಜುಗಳೂ ಒಂದು ವಿಷಯದಲ್ಲಿ ಒಮ್ಮತ ಹೊಂದಿವೆ: ಮೊದಲು ಹೇಳಿದ ಸಂಖ್ಯೆ ತೀರಾ ಚಿಕ್ಕದಾಗಿತ್ತು.

ಆಯುಸ್ಸು ಎಂದರೇನು?

ಸತ್ತವರ ಸಂಖ್ಯೆಯನ್ನಲ್ಲದೆ ಇನ್ನೊಂದು ಅಳತೆಯನ್ನೂ ಪತ್ರಿಕೆಗಳಲ್ಲಿ ನೀವು ನೋಡಿರುತ್ತೀರಿ. ಅದೇ 'ಜೀವಿತ ನಿರೀಕ್ಷೆ' ಅಥವಾ ಸರಾಸರಿ ಆಯುಸ್ಸು. ಅಮೆರಿಕದಲ್ಲಿ 1917ರಲ್ಲಿ ಇದು 50.9 ವರ್ಷವಿತ್ತು. 1918ರಲ್ಲಿ 39.1ಕ್ಕೆ ಬಿತ್ತು. 1919ರಲ್ಲಿ 54.7ಕ್ಕೆ ಏರಿತು. ಒಂದು ವರ್ಷದಲ್ಲಿ ಹನ್ನೆರಡು ವರ್ಷಗಳ ಕುಸಿತ, ಮರುವರ್ಷವೇ ಹದಿನೈದು ವರ್ಷಗಳ ಏರಿಕೆ! ಅಮೆರಿಕದ ಪ್ರತಿಯೊಬ್ಬರ ಆಯುಸ್ಸಿನಿಂದಲೂ ಹನ್ನೆರಡು ವರ್ಷಗಳು ಕಡಿದುಹೋದವು, ಮತ್ತೆ ಮರಳಿ ಬಂದವು ಎಂದು ಇದರ ಅರ್ಥವೇ? ಖಂಡಿತವಾಗಿಯೂ ಅಲ್ಲ.

ಜೀವಿತ ನಿರೀಕ್ಷೆಯೆಂಬುದು ಭವಿಷ್ಯವಾಣಿಯಲ್ಲ. ಅದೊಂದು ಕಲ್ಪನೆಯ ಲೆಕ್ಕ. ಇಂದು ಹುಟ್ಟಿದ ಮಗುವು ತನ್ನ ಜೀವಮಾನದುದ್ದಕ್ಕೂ ಈ ಒಂದು ವರ್ಷದ ಮರಣದ ದರಗಳನ್ನೇ ಎದುರಿಸುತ್ತಾ ಹೋದರೆ ಸರಾಸರಿ ಎಷ್ಟು ವರ್ಷ ಬದುಕೀತು ಎಂಬುದೇ ಆ ಲೆಕ್ಕದ ಪ್ರಶ್ನೆ. 1918ರ ಅಂಕಿಯು, ಮಗುವಿನ ಒಂದನೆಯ ವರ್ಷವೂ 1918, ಇಪ್ಪತ್ತನೆಯ ವರ್ಷವೂ 1918, ಅರವತ್ತನೆಯ ವರ್ಷವೂ 1918 ಆಗಿದ್ದರೆ ಏನಾಗುತ್ತಿತ್ತು ಎಂದು ಹೇಳುತ್ತದೆ. ಯಾವ ಮನುಷ್ಯನೂ ಅಂತಹ ಜೀವನವನ್ನು ಬದುಕುವುದಿಲ್ಲ. ಮಾರಿಯು ಬಂದು ಹೋಗುತ್ತದೆ. ಆದ್ದರಿಂದ ಈ ಅಂಕಿಯನ್ನು ಜ್ವರಮಾಪಕದಂತೆ ಓದಬೇಕು. ಅದು ಆ ವರ್ಷದ ತಾಪವನ್ನು ತೋರಿಸುತ್ತದೆ, ರೋಗಿಯ ಮುಂದಿನ ಬದುಕನ್ನಲ್ಲ.

ಇಂತಹ ಲೆಕ್ಕದ ಬೀಜವೂ ಗ್ರಾಂಟನ ಪುಸ್ತಕದಲ್ಲಿದೆ. ನೂರು ಮಕ್ಕಳು ಹುಟ್ಟಿದರೆ ಆರನೆಯ ವಯಸ್ಸಿಗೆ 64 ಉಳಿಯುತ್ತವೆ, ಹದಿನಾರಕ್ಕೆ 40, ಇಪ್ಪತ್ತಾರಕ್ಕೆ 25 ಎಂದು ಅವನು ಅಂದಾಜು ಮಾಡಿದ್ದನು. 1693ರಲ್ಲಿ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಬ್ರೆಸ್ಲಾವ್ ನಗರದ ಜನನ ಮರಣಗಳನ್ನು ಆಧರಿಸಿ ಇನ್ನೂ ನಿಖರವಾದ ಪಟ್ಟಿಯನ್ನು ರಚಿಸಿದರು. ಆ ಅಂಕಿಗಳನ್ನು ಕಲೆಹಾಕಿಕೊಟ್ಟವರು ಅಲ್ಲಿಯ ಲೂಥರನ್ ಪಾಲಕರಾದ ಕ್ಯಾಸ್ಪರ್ ನಾಯ್ಮನ್.

ಜೀವಿತ ನಿರೀಕ್ಷೆಯ ಅಳತೆಗೆ ಒಂದು ವಿಶೇಷ ಗುಣವಿದೆ. ಸತ್ತವರು ಎಷ್ಟು ಎಂಬುದರ ಜೊತೆಗೆ ಯಾವ ವಯಸ್ಸಿನವರು ಎಂಬುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಎಂಬತ್ತರ ಅಜ್ಜನ ಸಾವಿನಿಂದ ಕಳೆದುಹೋಗುವ ಬಾಳು ಕೆಲವೇ ವರ್ಷಗಳದ್ದು. ಇಪ್ಪತ್ತೈದರ ತಾಯಿಯ ಸಾವಿನಿಂದ ಹಲವು ದಶಕಗಳು ಕಳೆದುಹೋಗುತ್ತವೆ. 1918ರ ಮಾರಿಯು ಇಪ್ಪತ್ತರಿಂದ ನಲವತ್ತರ ವಯಸ್ಸಿನವರನ್ನು ಅಸಾಧಾರಣವಾಗಿ ಬಲಿ ತೆಗೆದುಕೊಂಡಿತು. ಅಮೆರಿಕದಲ್ಲಿ ಸುಮಾರು 6 ಲಕ್ಷ 75 ಸಾವಿರ ಜನರು ಸತ್ತರು. ಕುಸಿತವು ಅಷ್ಟು ಕಡಿದಾಗಿದ್ದಕ್ಕೆ ಸಾವಿನ ಸಂಖ್ಯೆಯಂತೆ ಸತ್ತವರ ಎಳೆಯ ವಯಸ್ಸೂ ಕಾರಣ. ಕೋವಿಡ್ ಕಾಲದಲ್ಲಿ ಅದೇ ಅಮೆರಿಕದ ಜೀವಿತ ನಿರೀಕ್ಷೆಯು 2019ರ 78.8ರಿಂದ 2020ರಲ್ಲಿ 77.0ಕ್ಕೂ 2021ರಲ್ಲಿ 76.4ಕ್ಕೂ ಇಳಿದು, 2023ರಲ್ಲಿ 78.4ಕ್ಕೆ ಮರಳಿತು. ಕೋವಿಡ್ ಹೆಚ್ಚಾಗಿ ಒಯ್ದದ್ದು ವಯೋವೃದ್ಧರನ್ನು.

ಭಾರತದಲ್ಲಿ ಜನಗಣತಿಗಳಿಂದ ಲೆಕ್ಕಹಾಕಿದ ಡೇವಿಸರ ಅಂದಾಜಿನಂತೆ 1911-21ರ ದಶಕದ ಸರಾಸರಿ ಆಯುಸ್ಸು ಕೇವಲ 20 ವರ್ಷ. ಮುಂದಿನ ದಶಕದಲ್ಲಿ 27ರ ಸಮೀಪ. ಅಂದು ಎಲ್ಲರೂ ಇಪ್ಪತ್ತಕ್ಕೇ ಸಾಯುತ್ತಿದ್ದರೆಂದು ತಿಳಿಯಬೇಡಿ. ತೊಟ್ಟಿಲಲ್ಲೇ ಕಣ್ಣುಮುಚ್ಚಿದ ಅಸಂಖ್ಯ ಶಿಶುಗಳು ಈ ಸರಾಸರಿಯನ್ನು ಕೆಳಗೆಳೆದಿದ್ದರು. ಬಾಲ್ಯವನ್ನು ದಾಟಿದವರು ಅಜ್ಜ ಅಜ್ಜಿಯರಾಗುವಷ್ಟು ಕಾಲ ಬದುಕುತ್ತಿದ್ದುದೂ ಉಂಟು.

ಸರಾಸರಿಯ ಮರೆಯಲ್ಲಿ

ಸರಾಸರಿಯೆಂಬುದು ಉಪಯುಕ್ತವಾದರೂ ಅದರ ಮರೆಯಲ್ಲಿ ಅನೇಕ ಅನ್ಯಾಯಗಳು ಅಡಗಿರುತ್ತವೆ. ಮುಂಬಯಿ ನಗರದಲ್ಲಿ 1918ರ ಇನ್‌ಫ್ಲುಯೆಂಜಾದಿಂದ ಸತ್ತವರನ್ನು ಸಮುದಾಯವಾರು ಎಣಿಸಿದ ದಾಖಲೆಯಿದೆ. ಪ್ರತಿ ಸಾವಿರ ಜನರಲ್ಲಿ ಯೂರೋಪಿಯನ್ನರು 8.3, ಪಾರ್ಸಿಗಳು 9.0, ಭಾರತೀಯ ಕ್ರೈಸ್ತರು 18.4, ಸವರ್ಣ ಹಿಂದೂಗಳು 18.9, ಮುಸಲ್ಮಾನರು 19.2ರಂತೆ ಸತ್ತರು. ಅಂದಿನ ಸರಕಾರವು 'ಕೆಳಜಾತಿ' ಎಂದು ಗುರುತಿಸಿದ್ದ ಜನರು ಸತ್ತದ್ದು 61.6ರಂತೆ. ಒಂದೇ ನಗರ, ಒಂದೇ ರೋಗ, ಆದರೆ ಸಾವು ಏಳು ಪಟ್ಟು ಹೆಚ್ಚು. ಇಕ್ಕಟ್ಟಾದ ಚಾಳುಗಳು, ಅರೆಹೊಟ್ಟೆ, ಶುಶ್ರೂಷೆಯ ಅಭಾವ, ಒಂದು ದಿನವೂ ಮಲಗಲಾಗದ ಕೂಲಿಯ ಬದುಕು ಇವೆಲ್ಲವೂ ಆ ಒಂದು ಅಂಕಿಯೊಳಗಿವೆ. ದೇಶದಲ್ಲಿ ಒಟ್ಟಾರೆಯಾಗಿ ಪುರುಷರಿಗಿಂತ ಸ್ತ್ರೀಯರೇ ಹೆಚ್ಚಾಗಿ ಸತ್ತರು ಎಂಬುದನ್ನೂ ಅಂದಿನ ವರದಿಗಳು ದಾಖಲಿಸಿವೆ. ಮನೆಯ ರೋಗಿಗಳ ಆರೈಕೆಯೆಲ್ಲಾ ಅವರ ಪಾಲಿಗೆ ಬಂದಿತ್ತು. ಉಣ್ಣುವುದರಲ್ಲಿ ಅವರ ಸರದಿ ಕೊನೆಯದಾಗಿತ್ತು.

ಯಾರಾದರೂ ಬರೆದಿಟ್ಟಿದ್ದರಿಂದಲೇ ಇವು ಇಂದು ನಮಗೆ ತಿಳಿದಿವೆ. ಬರೆಯದೆ ಹೋಗಿದ್ದರೆ ರೋಗವು ಬಡವ ಬಲ್ಲಿದರೆನ್ನದೆ ಎಲ್ಲರನ್ನೂ ಸಮನಾಗಿ ಬಡಿಯಿತು ಎಂಬ ಮಾತನ್ನೇ ನಾವು ನಂಬಿರುತ್ತಿದ್ದೆವು.

ನಮ್ಮ ಕಾಲದ ಲೆಕ್ಕ

ನೂರು ವರ್ಷಗಳ ನಂತರ ಕೋವಿಡ್ ಬಂದಾಗ ವೈದ್ಯಶಾಸ್ತ್ರವು ಬಹಳ ಮುಂದುವರಿದಿತ್ತು, ಆದರೆ ಎಣಿಕೆಯ ತೊಡಕು ಉಳಿದೇ ಇತ್ತು. ಪರೀಕ್ಷೆಯಾಗದೆ ಸತ್ತವರು, ಮನೆಯಲ್ಲಿಯೇ ಸತ್ತವರು, ಆಸ್ಪತ್ರೆಗಳು ತುಂಬಿದ್ದರಿಂದ ಬೇರೆ ಕಾಯಿಲೆಗೆ ಚಿಕಿತ್ಸೆ ಸಿಗದೆ ಸತ್ತವರು ಕೋವಿಡ್ ಪಟ್ಟಿಗೆ ಸೇರಲಿಲ್ಲ. 2020 ಮತ್ತು 2021ರಲ್ಲಿ ಜಗತ್ತಿನ ಸರಕಾರಗಳು ವರದಿ ಮಾಡಿದ ಕೋವಿಡ್ ಸಾವುಗಳು ಸುಮಾರು 54 ಲಕ್ಷ. ಹೆಚ್ಚುವರಿ ಮರಣದ ವಿಧಾನದಿಂದ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಕೊಟ್ಟ ಅಂದಾಜು 1 ಕೋಟಿ 49 ಲಕ್ಷ. ಭಾರತಕ್ಕೆ ಸಂಬಂಧಿಸಿದಂತೆ ವರದಿಯಾದದ್ದು ಸುಮಾರು 4 ಲಕ್ಷ 80 ಸಾವಿರ, ಸಂಸ್ಥೆಯ ಅಂದಾಜು 47 ಲಕ್ಷ. ಈ ಅಂದಾಜಿನ ವಿಧಾನವನ್ನು ಭಾರತ ಸರಕಾರವು ಒಪ್ಪದೆ ಆಕ್ಷೇಪಿಸಿತು.

2025ರಲ್ಲಿ ನಮ್ಮದೇ ನೋಂದಣಿ ಇಲಾಖೆಯ ಅಂಕಿಗಳು ಪ್ರಕಟವಾದವು. ದೇಶದಲ್ಲಿ ನೋಂದಣಿಯಾದ ಒಟ್ಟು ಸಾವುಗಳು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ, 2022ರಲ್ಲಿ 86.5 ಲಕ್ಷ. 2021ರ ಸಾಲನ್ನು ನೋಡಿದರೆ ಗ್ರಾಂಟನಿಗೆ ಏನನಿಸುತ್ತಿತ್ತೆಂದು ನೀವೇ ಊಹಿಸಬಹುದು. ಆದರೂ ಎಚ್ಚರಿಕೆ ಅಗತ್ಯ. ನೋಂದಣಿ ಮಾಡಿಸುವವರ ಪ್ರಮಾಣವೇ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದರಿಂದ ಹೆಚ್ಚಳವೆಲ್ಲವೂ ಕೋವಿಡ್‌ನದ್ದಲ್ಲ. ಹಾಗೆಯೇ, ನೋಂದಣಿಯಾಗದೆ ಉಳಿದ ಸಾವುಗಳು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಭಾರತದ ಜೀವಿತ ನಿರೀಕ್ಷೆಯು 2016-20ರಲ್ಲಿ 70.0 ಇದ್ದು 2017-21ರಲ್ಲಿ 69.8 ಆಯಿತೆಂದು ಮಾದರಿ ನೋಂದಣಿಯ ವರದಿಗಳು ಹೇಳುತ್ತವೆ. ಇಳಿಕೆ ಇಷ್ಟೇ ಎಂದು ನಿಟ್ಟುಸಿರು ಬಿಡಬೇಡಿ. ಇದು ಐದು ವರ್ಷಗಳನ್ನು ಸೇರಿಸಿ ತೆಗೆದ ಸರಾಸರಿ. ಒಂದು ಕಹಿಯಾದ ವರ್ಷವನ್ನು ನಾಲ್ಕು ವರ್ಷಗಳ ನೀರಿನಲ್ಲಿ ಕದಡಿದರೆ ಕಹಿಯು ತಿಳಿಯಾಗುವುದು ಸಹಜ.

ಇಷ್ಟೆಲ್ಲಾ ಲೆಕ್ಕ ಏಕೆ, ಸತ್ತವರು ಮರಳಿ ಬರುವರೇ ಎಂದು ಕೇಳುವವರಿದ್ದಾರೆ. ಸತ್ತವರಿಗಾಗಿಯೂ ಬದುಕಿರುವವರಿಗಾಗಿಯೂ ಈ ಲೆಕ್ಕ ಬೇಕು. ಎಲ್ಲಿ ಹೆಚ್ಚು ಮಂದಿ ಸತ್ತರೆಂದು ತಿಳಿಯದಿದ್ದರೆ ಮುಂದಿನ ಬಾರಿ ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕು, ಔಷಧವನ್ನು ಮೊದಲು ಯಾರಿಗೆ ಮುಟ್ಟಿಸಬೇಕು ಎಂಬುದು ತಿಳಿಯದು. 2021ರಲ್ಲಿ ಕೋವಿಡ್‌ನಿಂದ ಸತ್ತವರ ಕುಟುಂಬಗಳಿಗೆ 50 ಸಾವಿರ ರೂಪಾಯಿಗಳ ಪರಿಹಾರಕ್ಕೆ ಸುಪ್ರೀಂ ಕೋರ್ಟು ಒಪ್ಪಿಗೆ ನೀಡಿದಾಗ, ಮರಣದ ಕಾರಣವಾಗಿ ಕಾಗದದ ಮೇಲೆ ಏನು ಬರೆದಿದೆ ಎಂಬುದು ಎಷ್ಟೋ ವಿಧವೆಯರ, ಅನಾಥ ಮಕ್ಕಳ ಅನ್ನದ ಪ್ರಶ್ನೆಯಾಯಿತು. 'ಜ್ವರ' ಎಂಬ ಒಂದು ಮಾತಿನ ಬೆಲೆ ಎಷ್ಟೆಂದು ಆಗ ಅನೇಕರಿಗೆ ಅರ್ಥವಾಯಿತು.

ಆದ್ದರಿಂದ ಪ್ರಿಯ ಓದುಗರೇ, ಎರಡು ಮಾತುಗಳನ್ನು ನಿಮ್ಮಲ್ಲಿ ವಿನಂತಿಸುತ್ತೇನೆ. 1969ರ ಜನನ ಮರಣ ನೋಂದಣಿ ಕಾಯಿದೆಯು ಜಾರಿಯಲ್ಲಿದೆ. ಮನೆಯಲ್ಲಿ ಸಾವು ಸಂಭವಿಸಿದಾಗ ದುಃಖದ ನಡುವೆಯೂ 21 ದಿನಗಳೊಳಗೆ ಅದನ್ನು ನೋಂದಾಯಿಸಿರಿ. ಸತ್ತವರು ಮುದುಕಿಯಾಗಲಿ, ಆಸ್ತಿಯಿಲ್ಲದ ಕೂಲಿಯವನಾಗಲಿ, ಹುಟ್ಟಿ ಕೆಲವೇ ಗಂಟೆ ಬದುಕಿದ ಹಸುಗೂಸಾಗಲಿ, ಇವರ ಹೆಸರನ್ನು ಬರೆಸಿ ಏನಾಗಬೇಕಾಗಿದೆ ಎಂದು ಬಿಟ್ಟುಬಿಡಬೇಡಿರಿ. ಎರಡನೆಯದಾಗಿ, ನಿಮ್ಮ ಧರ್ಮಕೇಂದ್ರವು ನೂರು ವರ್ಷಗಳಿಗಿಂತ ಹಳೆಯದಾಗಿದ್ದು ಮರಣದ ಪುಸ್ತಕವು ಉಳಿದಿದ್ದರೆ, ಗುರುಗಳ ಅನುಮತಿ ಪಡೆದು 1918ರ ಅಕ್ಟೋಬರ್, ನವೆಂಬರ್ ತಿಂಗಳುಗಳ ಹಾಳೆಗಳನ್ನು ತೆರೆದು ನೋಡಿರಿ. ಅದಕ್ಕೆ ಹಿಂದಿನ ಮೂರು ವರ್ಷಗಳ ಅದೇ ತಿಂಗಳುಗಳ ಸಾಲುಗಳನ್ನು ಎಣಿಸಿ ಹೋಲಿಸಿರಿ. ಹೆಚ್ಚಾಗಿರುವ ಸಾಲುಗಳಲ್ಲಿ ಹೆಸರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು ಇರುತ್ತದೆ. ಅವುಗಳಲ್ಲಿ ಒಂದೆರಡು ನಿಮ್ಮ ಮನೆತನದ ಹೆಸರುಗಳೂ ಇರಬಹುದು.